ಅರವತ್ತೊಂದರಲ್ಲಿ ಉಳಿದವನು

ಹತ್ತನೆಯ ಸಲ ಮೇಲೆ ಬಂದ ಲಿಫ್ಟಿನಿಂದ ಆರು ಜನ ಇಳಿದರು. ಕೊನೆಗೆ ಇಳಿದವನು ಮೇಸ್ತ್ರಿ, ಇವತ್ತೇ ಕೆಲಸಕ್ಕೆ ಬಂದ ಹೊಸಬ. ಗಣಿಯ ಬಾಗಿಲೆಳೆದು, "ಹತ್ತು ಸಲ, ಆರಾರು ಜನ. ಲೆಕ್ಕ ಸಮ. ಕೆಳಗೆ ಯಾರೂ ಉಳಿದಿಲ್ಲ" ಎಂದ. ಕೆಳಗೆ ಇಟ್ಟ ಮದ್ದು ಸಿಡಿಸುವ ಮುದುಕ ಮೊದಲ ಸೈರನ್ ಕೂಗಿಸಿದ. ಎರಡನೆಯದು ಕೂಗಿದರೆ ಗುಂಡಿ ಒತ್ತುವುದೇ.

ಬಾಗಿಲ ಪಕ್ಕದ ಕೋಣೆಯಲ್ಲಿ ಲಿಫ್ಟ್ ನಡೆಸುವವಳು ಕಿಟಕಿಯಿಂದ ತಲೆ ಹೊರಹಾಕಿದಳು. ಈ ಗಣಿಯಲ್ಲಿ ಲೆಕ್ಕ ಎಂದೂ ಸಮ ಬಂದದ್ದಿಲ್ಲ. ಈ ಪಾಳಿಯವರು ಅರವತ್ತೊಂದು ಜನ. ಕೆಳಗೆ ದುಡಿಯುವ ಅವಳ ತಮ್ಮ ಅದನ್ನು ಹಟಮಾರಿ ಸಂಖ್ಯೆ ಎನ್ನುತ್ತಿದ್ದ. ಊಟಕ್ಕೆ ಕೂತಾಗಲೆಲ್ಲ ಅದೇ ಪುರಾಣ: ಇಬ್ಬಿಬ್ಬರಾಗಿ ನಿಲ್ಲಿಸು, ಮೂರು ಮೂರು ಮಾಡು, ನಾಲ್ಕು, ಐದು, ಆರು, ಹೇಗೆ ಹಂಚಿದರೂ ಒಬ್ಬ ಒಂಟಿಯಾಗಿ ಉಳಿದೇ ಉಳಿಯುತ್ತಾನೆ. ಆ ಒಂಟಿಗೆ ಒಂದು ಕೆಲಸವನ್ನೂ ಗಂಟುಹಾಕಿದ್ದರು. ಎಲ್ಲರಿಗಿಂತ ಮೊದಲು ಇಳಿದು ತಳದ ನೀರೆತ್ತುವ ಪಂಪು ಹಾಕಬೇಕು. ಎಲ್ಲರೂ ಹೋದ ಮೇಲೆ ಅದನ್ನು ಆರಿಸಿ, ಗಂಟೆ ಬಾರಿಸಿ, ಹನ್ನೊಂದನೆಯ ಸಲಕ್ಕೆ ಒಬ್ಬನೇ ಹತ್ತಬೇಕು. ದಿನಕ್ಕೊಬ್ಬರ ಸರದಿ.

"ಮೇಸ್ತ್ರಿಗಳೇ, ಪಂಪಿನವನು ಬಂದನಾ?"

"ಯಾವ ಪಂಪಿನವನಮ್ಮಾ? ಬೆಳಿಗ್ಗೆ ನಾನೂ ಸೇರಿ ಅರವತ್ತು ಜನ ಇಳಿದ್ವಿ, ಈಗ ಅರವತ್ತು ಜನ ಹತ್ತಿದ್ವಿ. ನನ್ನ ಎಣಿಕೆ ತಪ್ಪಿಲ್ಲ."

ಅವನ ಎಣಿಕೆ ನಿಜಕ್ಕೂ ತಪ್ಪಿರಲಿಲ್ಲ. ಅವನು ಎಣಿಸಲು ಶುರುಮಾಡುವ ಮೊದಲೇ ಒಬ್ಬ ಇಳಿದಾಗಿತ್ತು. ಹೊಸಬನಿಗೆ ಯಾರಾದರೂ ಹೇಳಿರುತ್ತಾರೆಂದು ಎಲ್ಲರೂ ಅಂದುಕೊಂಡು ಕೈಕಾಲು ತೊಳೆಯಲು ನಲ್ಲಿಯತ್ತ ಓಡಿದ್ದರು. ಅವಳ ಕಣ್ಣು ಆ ಗುಂಪಿನಲ್ಲಿ ತಮ್ಮನನ್ನು ಹುಡುಕಿತು. ಮೇಲೆ ಬಂದವನೇ ಅವಳ ಕಿಟಕಿಗೊಮ್ಮೆ ಬಡಿದು ಹೋಗುವುದು ಅವನ ಅಭ್ಯಾಸ. ಇಂದು ಯಾರೂ ಬಡಿದಿರಲಿಲ್ಲ. ಬೆಳಿಗ್ಗೆ ಅವಳು ಏಳುವಾಗಲೇ ಅವನ ಹಾಸಿಗೆ ಖಾಲಿ ಇದ್ದದ್ದು ಈಗ ನೆನಪಾಯಿತು; ಅವನನ್ನು ರಾತ್ರಿ ಪಾಳಿಯ ಲಿಫ್ಟಿನವನು ಇಳಿಸಿರಬೇಕು.

"ಒತ್ತಬೇಡಿ ಅಜ್ಜಾ, ನನ್ನ ತಮ್ಮ ಕೆಳಗಿದ್ದಾನೆ."

ಮುದುಕ ಬಿಸಿ ತಾಗಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಅವಳು ಖಾಲಿ ಲಿಫ್ಟನ್ನು ಇಳಿಸಿದಳು. ಹಗ್ಗ ಇಳಿಯಿತು, ಇಳಿಯಿತು, ನಿಂತಿತು. ಗಂಟೆಯ ಸದ್ದಿಲ್ಲ. ಮೇಸ್ತ್ರಿಯ ಮುಖದಲ್ಲಿ ರಕ್ತವಿರಲಿಲ್ಲ. ನನಗೆ ಯಾರೂ ಹೇಳಲಿಲ್ಲ, ನನಗೆ ಯಾರೂ ಹೇಳಲಿಲ್ಲ ಎಂದು ಗೊಣಗುತ್ತಲೇ ಇದ್ದ. ಅವಳು ಕಂಡ ದೇವರಿಗೆಲ್ಲ ಮೊರೆಯಿಟ್ಟಳು. ಒಂದು ವೇಳೆ ಅವನು ನೀರಿಗೆ ಜಾರಿದ್ದರೆ ಎಂಬ ಯೋಚನೆ ಬಂದು ಲಿಫ್ಟಿನ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಅವುಚಿದಳು.

ಆಗ ಗಂಟೆ ಮೊಳಗಿತು.

ಹನ್ನೊಂದನೆಯ ಸಲ ಮೇಲೆ ಬಂದ ಲಿಫ್ಟಿನಿಂದ ಮೊಣಕಾಲಿನವರೆಗೂ ಒದ್ದೆಯಾದ ತಮ್ಮ ಹೊರಬಂದ. ಪಂಪಿನ ಗದ್ದಲದಲ್ಲಿ ಅವನಿಗೆ ಸೈರನ್ನೇ ಕೇಳಿಸಿರಲಿಲ್ಲ. ಎಲ್ಲರೂ ಯಾಕೆ ಹೀಗೆ ನೋಡುತ್ತಿದ್ದಾರೆಂದು ಅಕ್ಕನನ್ನು ಕೇಳಿದ.

ಮೇಸ್ತ್ರಿ ಅಲ್ಲೇ ಕುಸಿದು ಕೂತು ಮುಖ ಒರೆಸಿಕೊಂಡ. "ನಾಳೆಯಿಂದ ಅರವತ್ತೇ ಜನ ಸಾಕು ಅಂತ ಸಾಹೇಬರಿಗೆ ಹೇಳ್ತೀನಿ. ಹೇಗೆ ಹಂಚಿದ್ರೂ ಸಮ ಬರುತ್ತೆ."

ಲಿಫ್ಟಿನ ಹಿಡಿಗೆ ಅಂಟಿಹೋಗಿದ್ದ ಅವಳ ಬೆರಳುಗಳನ್ನು ತಮ್ಮ ಒಂದೊಂದಾಗಿ ಬಿಡಿಸುತ್ತಿದ್ದ.

"ಬೇಡ ಮೇಸ್ತ್ರಿಗಳೇ," ಎಂದಳು. "ಸಮ ಬಂದ್ರೆ ಯಾರೂ ಹುಡುಕಲ್ಲ."