ಎದುರಾಳಿ

“ಇಬ್ಬರೇ ಆಡ್ತಾ ಕೂತರೆ ಮಿಕ್ಕವರೇನು ನೊಣ ಹೊಡೀಬೇಕಾ?” ಎನ್ನುತ್ತ ಮೇಲ್ವಿಚಾರಕಿ ದರ್ಜಿಯ ಮುಂದಿದ್ದ ಚದುರಂಗದ ಹಲಗೆಯನ್ನೆತ್ತಿ ಬೀರುವಿನ ಮೇಲಿಟ್ಟರು. ಅದರ ಜಾಗಕ್ಕೆ ಹೊಸ ಹಲಗೆ ಬಂತು. ಅದಕ್ಕೆ ನಾಲ್ಕೂ ಕಡೆ ರೆಕ್ಕೆ, ನಾಲ್ಕು ಬಣ್ಣದ ಕಾಯಿ. ಆರೈಕೆ ಕೇಂದ್ರಕ್ಕೆಂದೇ ಬಡಗಿಯಿಂದ ಮಾಡಿಸಿದ್ದರು. “ಎದುರುಬದುರು ಕೂತವರು ಜೋಡಿ. ನೀವಿಬ್ಬರೂ ಇನ್ಮೇಲೆ ಒಂದೇ ಪಕ್ಷ, ಜಗಳವೇ ಇಲ್ಲ!”

ಎದುರಿಗಿದ್ದ ಕ್ಷೌರಿಕ ಪೆಚ್ಚಾದ. ಒಂದೇ ಗೋಡೆಯ ಆಚೆಗೊಬ್ಬ ಈಚೆಗೊಬ್ಬ ಅಂಗಡಿ ಇಟ್ಟುಕೊಂಡು, ಗಿರಾಕಿ ಇಲ್ಲದಾಗಲೆಲ್ಲ ಬೈದಾಡಿಕೊಂಡು ಆಡಿ ಬೆಳೆಸಿದ ಸ್ನೇಹ ಅದು. ಪಾರ್ಶ್ವವಾಯು ದರ್ಜಿಯ ಮಾತನ್ನು ಕಸಿದುಕೊಂಡಿತ್ತು. ಆದರೆ ನಾಲಿಗೆ ಕಟ್ಟಿದ ಭಗವಂತ ಎಡಗೈ ಉಳಿಸಿದ್ದ. ಗೆಳೆಯನ ಕಾಯಿ ಹೊಡೆದು, ಅದರಿಂದಲೇ ಮೇಜನ್ನು ಟಕ್ ಟಕ್ ಕುಟ್ಟಿದನೆಂದರೆ ‘ಸತ್ತೆಯಲ್ಲೋ ಮಗನೇ!’ ಎಂದರ್ಥ. ಆ ಸದ್ದು ಕಿವಿಗೆ ಬಿದ್ದಾಗಲೆಲ್ಲ ದರ್ಜಿಯ ಹೆಂಡತಿ ಕೂತಲ್ಲೇ ದೇವರಿಗೆ ಕೈಮುಗಿಯುತ್ತಿದ್ದಳು.

“ಮೇಡಂ, ಇವರಿಬ್ಬರನ್ನ ಜೋಡಿ ಮಾಡಬೇಡಿ,” ಎಂದಳು ಅವಳು.

“ಹೊಂದಿಕೊಂಡು ಹೋಗೋದು ಕಲೀಲಿ ಬಿಡಿ, ಅಮ್ಮಾ.”

“ನಮ್ಮೆಜಮಾನ್ರು ಮಾತಾಡ್ತಿದ್ದದ್ದೇ ಆ ಹಲಗೆ ಮೇಲೆ! ಕಣ್ಣು ಕಿತ್ತು ಕನ್ನಡಕ ಕೊಡ್ತಿದ್ದೀರಲ್ಲ?”

“ಎಲ್ಲರಿಗೂ ಅವಕಾಶ ಸಿಗಬೇಕಲ್ವಾ?”

“ಸಿಗಲಿ, ಯಾರು ಬೇಡ ಅಂದ್ರು? ಇನ್ನೊಂದು ಮೇಜು ಹಾಕಿ. ಇವರ ಬಾಯಿಂದ ಕಿತ್ತು ಊರಿಗೆ ಹಂಚೋದು ಯಾವ ಧರ್ಮ?”

ಮೇಲ್ವಿಚಾರಕಿ ನಕ್ಕು ಅವಳ ಬೆನ್ನು ತಟ್ಟಿದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಆಟ ಶುರುವಾಯಿತು. ಬಲಗಡೆಯ ಅಜ್ಜಿ ಆನೆಯನ್ನು ಓರೆಯಾಗಿ ಓಡಿಸಿ, “ನಮ್ಮಾನೆ ನನ್ನಿಷ್ಟ” ಎಂದಳು. ಎಡಗಡೆಯ ಮುದುಕ ತನ್ನ ಸರದಿ ಬಂದಾಗಲೆಲ್ಲ ಗೊರಕೆಯಲ್ಲಿರುತ್ತಿದ್ದ. ಅವನನ್ನು ಎಬ್ಬಿಸುವುದರೊಳಗೆ ಚಹಾ ಆರಿಹೋಗುತ್ತಿತ್ತು. ದರ್ಜಿ ಮಾತ್ರ ಯಾರ ಗೊಡವೆಗೂ ಹೋಗದೆ, ಪ್ರತಿ ಸರದಿಗೂ ಒಂದೇ ಕುದುರೆಯನ್ನು ಮುಂದೆ ಮುಂದೆ ನಡೆಸುತ್ತಿದ್ದ.

“ನೋಡಿದ್ರಾ, ಹೇಗೆ ಹೊಂದಿಕೊಂಡ್ರು!” ಮೇಲ್ವಿಚಾರಕಿ ಹಿಗ್ಗಿದರು.

ಅಜ್ಜಿಯ ಮಂತ್ರಿ ಕುದುರೆಯ ಬಾಯಿಗೇ ಬಂದು ನಿಂತಿತ್ತು. ದರ್ಜಿ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಕುದುರೆಯನ್ನು ನೇರ ಜೋಡಿದಾರನ ಪಾಳೆಯಕ್ಕೆ ಹಾರಿಸಿ, ಕ್ಷೌರಿಕನ ಆನೆಯನ್ನು ಹೊಡೆದುಬಿಟ್ಟ.

“ಅಯ್ಯಯ್ಯೋ! ಅವರು ನಿಮ್ಮವರು! ನಿಮ್ಮವರನ್ನೇ ಹೊಡೀತಾರಾ ಯಾರಾದ್ರೂ?”

“ನಮ್ಮವನು ಅಂತಲೇ ಹೊಡೆದ, ಮೇಡಂ,” ಎಂದ ಕ್ಷೌರಿಕ.

“ಅದೆಲ್ಲ ನಡೆಯಲ್ಲ. ನಿಯಮ ಅಂದ್ರೆ ನಿಯಮ. ಆ ಕಾಯಿ ವಾಪಸಿಡಿ.”

ದರ್ಜಿ ಆನೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ತಲೆಯೆತ್ತಿ ಮೇಲ್ವಿಚಾರಕಿಯ ಕಣ್ಣಲ್ಲಿ ಕಣ್ಣಿಟ್ಟು, ಮೇಜನ್ನು ಕುಟ್ಟಿದ: ಟಕ್. ಟಕ್.