ಹನ್ನೆರಡು ಮಿಲಿಮೀಟರ್

ಬೆಳಗಿನ ಬಸ್ಸಿನಲ್ಲಿ, ಕಿಟಕಿಗೆ ಮೊಣಕೈ ಒತ್ತಿಕೊಂಡು, ಅವಳು ದಿನಚರಿಯಲ್ಲಿ ಬರೆದಳು: 'ಕಂಪ್ಯೂಟರಿನ ಬಾಯಲ್ಲಿ ನಾನು ಸುಳ್ಳು ಹೇಳಿಸಿದೆ.' ಓದಿ ನೋಡಿದಳು. 'ಸುಳ್ಳು ಹೇಳಿಸಿದೆ' ಹೊಡೆದು ಹಾಕಿ 'ಸ್ವಲ್ಪ ತಿದ್ದಿದೆ' ಎಂದು ಬರೆದಳು. ಅದನ್ನೂ ಹೊಡೆದು ಹಾಕಿದಳು. ಪಕ್ಕದಲ್ಲಿದ್ದ ತಂಗಿ ಇಣುಕಿದಾಗ ಪುಸ್ತಕವನ್ನೇ ಮುಚ್ಚಿಬಿಟ್ಟಳು.

"ಅಕ್ಕಾ, ನಿನ್ನ ಸೇತುವೆ ಗಟ್ಟಿ ತಾನೇ?"

ಹೊಸ ಕಾಲುಸೇತುವೆಯ ಮೇಲೆ ಇವತ್ತು ಮೊದಲ ಹೆಜ್ಜೆ ಇಡುವವರು ತಂಗಿಯ ಶಾಲೆಯ ಮುನ್ನೂರು ಮಕ್ಕಳು.

"ಗಟ್ಟಿ ಕಣೇ. ಉದ್ದಕ್ಕೂ ನೀರಿನ ಪೀಪಾಯಿ ಇಟ್ಟು ಎಷ್ಟು ಬಾಗುತ್ತೆ ಅಂತ ಅಳೆದಿದ್ದಾರೆ."

"ಅದು ಅಳತೆಯ ಗೇಜು ಹಿಡಿಯೋ ನಿಮ್ಮ ಗೇಜಣ್ಣ ಅಳೆದದ್ದು. ನೀನೇನು ಮಾಡಿದೆ?"

ಮುಳ್ಳು ಇದ್ದದ್ದು ಅಲ್ಲೇ.

ಅವಳು ಮಾಡಿದ್ದು ಇಷ್ಟು. ಸೇತುವೆಯನ್ನು ಕಂಪ್ಯೂಟರಿನೊಳಗೆ ನಲವತ್ತು ಸಾವಿರ ಚೂರು ಮಾಡಿ, ಚೂರು ಚೂರಿಗೂ ಉಕ್ಕಿನ ಗುಣ ಕೊಟ್ಟು, ಮೇಲೆ ಜನರ ಭಾರ ಹೇರಿ, ನಡುಭಾಗ ಎಷ್ಟು ಬಾಗುತ್ತದೆಂದು ಲೆಕ್ಕ ಹಾಕಿದ್ದಳು. ಮಿತಿ ಹದಿನೈದು ಮಿಲಿಮೀಟರ್. ಅವಳ ಉತ್ತರ ಅದನ್ನು ದಾಟಿ ಎಲ್ಲೋ ಹೋಗಿತ್ತು. ಮೂರು ಸಲ ಹಾಕಿದಳು. ಮೂರು ಸಲವೂ ಅದೇ.

ಆಗ ಬಂದವರು ಅವಳ ಮೇಲಧಿಕಾರಿ, ಬಣ್ಣದ ಸಾಹೇಬರು. ಅವರು ಅಂಕಿ ಓದುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಪರದೆಯ ಮೇಲಿನ ಚಿತ್ರ ನೀಲಿಯಿದ್ದರೆ ಒಳ್ಳೆಯದು, ಕೆಂಪಿದ್ದರೆ ಕೆಟ್ಟದ್ದು. ಇಷ್ಟರಲ್ಲೇ ಎರಡು ಬಡ್ತಿ ಮುಗಿಸಿದ್ದರು. ಉದ್ಘಾಟನೆಯ ಕರೆಯೋಲೆಯನ್ನು ಪರೀಕ್ಷೆಗೂ ಮೊದಲೇ ಅಚ್ಚು ಹಾಕಿಸಿದ್ದ ದೂರದೃಷ್ಟಿಯ ಮನುಷ್ಯ.

"ಏನಮ್ಮಾ ಇದು, ಸಿಡುಬು ಎದ್ದ ಹಾಗಿದೆ? ಅಲ್ಲಿ ಗೇಜಣ್ಣನಿಗೆ ಹನ್ನೆರಡು ಬಂದಿದೆ. ಕಬ್ಬಿಣ ಸುಳ್ಳು ಹೇಳುತ್ತಾ? ನಿಂದೇ ಎಲ್ಲೋ ಎಡವಟ್ಟು, ನೋಡು."

ಕಬ್ಬಿಣಕ್ಕೆ ಎದುರಾಡಲು ಅವಳು ಯಾರು? ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ತಪ್ಪು ಹುಡುಕಿದಳು. ಸಿಗಲಿಲ್ಲ. ಸಿಗದಿದ್ದಾಗ ಒಂದನ್ನು ತಯಾರಿಸಿದಳು. ಸೇತುವೆಯ ಎರಡೂ ತುದಿಗಳನ್ನು ಕಂಬದ ಮೇಲೆ ಸುಮ್ಮನೆ ಕೂರಿಸಿದ್ದವಳು ಈಗ ಕಂಬಕ್ಕೆ ಬಿಗಿದಳು. ಎಷ್ಟು ಬಿಗಿ? ಉತ್ತರ ಹನ್ನೆರಡು ಬರುವಷ್ಟು ಬಿಗಿ. ಚಿತ್ರ ಆಕಾಶದಂತೆ ನೀಲಿಯಾಯಿತು. ಸಾಹೇಬರು ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿಸಿದರು.

ಅಲ್ಲಿಗೇ ಮುಗಿದಿದ್ದರೆ ದಿನಚರಿಯಲ್ಲಿ ಹೂತು ಹಾಕಬಹುದಿತ್ತು. ಆದರೆ ಲೆಕ್ಕವೂ ಅಳತೆಯೂ ಕೂದಲೆಳೆ ತಪ್ಪದೆ ಹೊಂದಿದ ಸುದ್ದಿ ಮೇಲಿನವರ ಕಿವಿಗೆ ಬಿತ್ತು. ಇವತ್ತಿನ ಸಭೆಯ ನಿರ್ಣಯ ಸಿದ್ಧವಾಗಿಯೇ ಇತ್ತು: ಇನ್ನು ಮುಂದೆ ಯಾವ ಸೇತುವೆಗೂ ಭಾರದ ಪರೀಕ್ಷೆ ಬೇಡ, ಕಂಪ್ಯೂಟರಿನ ಲೆಕ್ಕವೇ ಸಾಕು. ಅವಳ ಕೆಲಸ ಕಾಯಂ. ಇಪ್ಪತ್ತಾರು ವರ್ಷ ಸೇತುವೆಗಳ ಹೊಟ್ಟೆಯಡಿ ಮಲಗಿ ಅಳೆದ ಗೇಜಣ್ಣ ಮನೆಗೆ.

ಬಾಯಿ ಬಿಟ್ಟರೆ ಅವಳ ಅನ್ನ ಹೋಗುತ್ತದೆ. ಬಿಡದಿದ್ದರೆ ಅವನದು.

ಕಚೇರಿಯ ಮೆಟ್ಟಿಲ ಬಳಿ ಗೇಜಣ್ಣ ಸಿಕ್ಕ. ಅವಳ ಮುಖ ನೋಡಲಿಲ್ಲ. ಸಿಟ್ಟಿರಲೇಬೇಕು.

"ಅಣ್ಣಾ, ನಿಮ್ಮ ಗೇಜು ಯಾವತ್ತಾದ್ರೂ ತಪ್ಪು ತೋರಿಸಿದ್ದಿದೆಯಾ?"

"ಹಳೇ ಗೇಜು ಕಣಮ್ಮಾ, ನನ್ನ ಹಾಗೇ. ಓದಿದವರು ಎದುರಿಗಿದ್ರೆ ತಲೆ ಬಗ್ಗಿಸುತ್ತೆ."

ಚುಚ್ಚುಮಾತು ಎಂದುಕೊಂಡಳು. ಚುಚ್ಚಿಸಿಕೊಳ್ಳಬೇಕಾದದ್ದೇ ಎಂದೂ ಅಂದುಕೊಂಡಳು.

ಸಭೆಯ ಕೋಣೆಯ ಕಿಟಕಿಯಿಂದ ಸೇತುವೆ ಕಾಣುತ್ತಿತ್ತು. ಅಡ್ಡಲಾಗಿ ರಿಬ್ಬನ್ನು, ಅದರ ಹಿಂದೆ ಇಸ್ತ್ರಿ ಮಾಡಿದ ಮಕ್ಕಳ ಸಾಲು. ನಿರ್ಣಯಕ್ಕೆ ಸಹಿ ಹಾಕಲು ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು.

"ಈ ಹುಡುಗಿ ಕೂತಲ್ಲೇ ಕಬ್ಬಿಣವನ್ನ ಮಾತಾಡಿಸಿದ್ದಾಳೆ ಕಣ್ರೀ!"

ಚಪ್ಪಾಳೆ. ಹೊಗಳಿಕೆ ತಮಗೇ ಎಂಬಂತೆ ಸಾಹೇಬರು ತಲೆಬಾಗಿದರು.

ಅವಳು ಎದ್ದು ನಿಂತಳು. ಎದ್ದದ್ದು ಅವಳಿಗೂ ಆಮೇಲೆ ಗೊತ್ತಾಯಿತು.

"ಸರ್... ನನ್ನ ಲೆಕ್ಕ ತಾನಾಗಿ ಹೊಂದಿದ್ದಲ್ಲ. ನಾನು ಹೊಂದಿಸಿದ್ದು."

"ಏನಂದೆ? ಕೇಳಿಸಲಿಲ್ಲ," ಎಂದರು ಅಧ್ಯಕ್ಷರು.

ಎರಡನೆಯ ಸಲ ಹೇಳುವಾಗ ದನಿ ಇನ್ನೂ ಸಣ್ಣದಾಗಿತ್ತು. "ನನಗೆ ಬಂದ ಉತ್ತರ ಬೇರೆ. ಅಳತೆಗೆ ತಕ್ಕ ಹಾಗೆ ತಿದ್ದಿದೆ. ಗೇಜಣ್ಣನನ್ನ ತೆಗೀಬೇಡಿ."

ಸಾಹೇಬರು ಎಲ್ಲರಿಗಿಂತ ಮೊದಲು ನಕ್ಕರು. "ವಿನಯ, ಸರ್, ಬರೀ ವಿನಯ. ಆಯ್ತಪ್ಪಾ, ಅವಳ ಲೆಕ್ಕ ಗಂಗೆಪಾಲಾಗಲಿ. ಕಣ್ಣಾರೆ ಅಳೆದದ್ದು ಇದೆಯಲ್ಲ! ಏನು ಗೇಜಣ್ಣ, ಹನ್ನೆರಡು ತಾನೇ?"

ಬಾಗಿಲ ಪಕ್ಕದ ಕುರ್ಚಿಯಿಂದ ಗೇಜಣ್ಣ ಎದ್ದ. ಆ ಬೆಳಗ್ಗೆ ಮೊದಲ ಸಲ ಅವಳನ್ನು ನೇರವಾಗಿ ನೋಡಿದ. ಮುಖದಲ್ಲಿ ಸಿಟ್ಟು ಇರಲಿಲ್ಲ. ಭಯವಿತ್ತು.

"ಬರೆದದ್ದು ಹನ್ನೆರಡು. 'ಕಂಪ್ಯೂಟರಲ್ಲಿ ಹನ್ನೆರಡು ಬಂದಿದೆ, ಅದಕ್ಕೇನು ನಿನ್ನ ಹಾಗೆ ಚಾಳೀಸು ಬಂದಿಲ್ಲ' ಅಂತ ಸಾಹೇಬ್ರು ಅಂದ್ರು. ಓದಿದ ಹುಡುಗಿಯ ಲೆಕ್ಕ, ನನ್ನ ಗೇಜೇ ಕೆಟ್ಟಿದೆ ಅಂದ್ಕೊಂಡು ತಿದ್ದಿ ಬರೆದೆ." ಅವನು ಕಿಟಕಿಯಾಚೆಯ ಸೇತುವೆಯತ್ತ ನೋಡಿದ. "ಗೇಜು ತೋರಿಸಿದ್ದು ಹತ್ತೊಂಬತ್ತು."

ಅವಳ ಕುರ್ಚಿ ಹಿಂದಕ್ಕೆ ಉರುಳಿತು. ಅವಳು ಆಗಲೇ ಕಿಟಕಿಯ ಬಳಿ ಇದ್ದಳು, ಚಿಲಕ ಎಳೆಯುತ್ತಾ, ಆ ಕಚೇರಿ ಎಂದೂ ಕೇಳದ ದನಿಯಲ್ಲಿ ಕೂಗುತ್ತಾ:

"ಮಕ್ಕಳನ್ನ ನಿಲ್ಲಿಸಿ! ನನಗೂ ಬಂದದ್ದು ಹತ್ತೊಂಬತ್ತೇ!"