ಜೆಟ್ಟಿನ ಹೊಟ್ಟೆಯ ಮೇಲಿನ ಬರಹ

"ಎಲ್ಲಾ ಸರಿ ಡಾಕ್ಟ್ರೇ, ಪ್ಲಗ್ಗಿಗೆ ಕ್ಲಿಪ್ ಎಲ್ಲಿಂದ ಹಾಕ್ತೀರಿ?"

ಗಡಿಯಾರ ರಿಪೇರಿಯವನು ಹೀಗೆ ಕೇಳಿದಾಗ ನಿವೃತ್ತ ಹಲ್ಲಿನ ಡಾಕ್ಟರು ನಕ್ಕುಬಿಟ್ಟರು. ಎರಡನೇ ಸಲ ಕೇಳಿದಾಗ ನಗು ಅರ್ಧಕ್ಕೇ ನಿಂತಿತು. ಮೂರನೇ ಸಲ ಅವನು ಕೇಳಲಿಲ್ಲ. ಒಳ್ಳೆಯ ಸ್ನೇಹಿತ.

ಶೆಡ್ಡಿನ ಮೇಜಿನ ಮೇಲೆ ಪುಟ್ಟ ಜೆಟ್ ವಿಮಾನ ಮಲಗಿತ್ತು. ರೇಡಿಯೋ ಪೆಟ್ಟಿಗೆ ಹಿಡಿದು ಹಾರಿಸುವಂಥದ್ದು. ನಿಜವಾದ ಜೆಟ್ಟಿಗೆ ಮೂತಿಯಲ್ಲಿ ಪ್ರೊಪೆಲರ್ ಇರುವುದಿಲ್ಲವಲ್ಲ, ಇದಕ್ಕೂ ಇರಲಿಲ್ಲ. ಹೊಟ್ಟೆಯೊಳಗೊಂದು ಕೊಳವೆ, ಕೊಳವೆಯಲ್ಲಿ ಫ್ಯಾನು, ಫ್ಯಾನಿನ ಬೆನ್ನಿಗೆ ಮುಷ್ಟಿಯಷ್ಟೇ ದೊಡ್ಡ ಎಂಜಿನ್. ಆ ಎಂಜಿನ್ ತಲೆಯ ಮೇಲಿನ ಪ್ಲಗ್ಗಿಗೆ ಬ್ಯಾಟರಿಯ ಕ್ಲಿಪ್ ಸಿಕ್ಕಿಸಿ, ಅದು ಕೆಂಪಗೆ ಕಾಯುವವರೆಗೆ ಕಾಯಬೇಕು. ಇಲ್ಲದಿದ್ದರೆ ತಲೆಕೆಳಗಾಗಿ ನಿಂತರೂ ಎಂಜಿನ್ ಹತ್ತಿಕೊಳ್ಳುವುದಿಲ್ಲ. ಈ ವಿಷಯವನ್ನು ಡಾಕ್ಟರು ಹಾಲಿನವನಿಗೆ, ವಿಮೆಯವನಿಗೆ, ದಾರಿ ತಪ್ಪಿ ವಿಳಾಸ ಕೇಳಲು ಬಂದ ಹೆಂಗಸಿಗೆ ಕೂಡ ವಿವರಿಸಿದ್ದರು. ಕೊಳವೆಯಿಂದ ಗಾಳಿ ಸೋರಿದರೆ ವಿಮಾನ ಏಳುವುದಿಲ್ಲ ಎಂದು ಓದಿಕೊಂಡಿದ್ದರಿಂದ, ಎಂಜಿನ್ ಕೂರಿಸಿ, ಎರಡು ಹೋಳು ಜೋಡಿಸಿ, ಇರುವೆ ಕೂಡ ನುಗ್ಗದಂತೆ ಅಂಟು ಬಳಿದು ಮುಚ್ಚಿದ್ದರು. ಈಗ ಇರುವೆ ನುಗ್ಗುವಂತಿರಲಿಲ್ಲ. ಕ್ಲಿಪ್ಪೂ ನುಗ್ಗುವಂತಿರಲಿಲ್ಲ.

ನಲವತ್ತು ವರ್ಷ ಊರವರ ಬಾಯೊಳಗಿನ ಕತ್ತಲೆ ಗುಳಿಗಳಲ್ಲೇ ದುಡಿದ ಮನುಷ್ಯ! ಡ್ರಾಯರಿನಿಂದ ಹಲ್ಲು ನೋಡುವ ಹಳೆಯ ಕನ್ನಡಿ ಕಡ್ಡಿ ತಂದು ಜೆಟ್ಟಿನ ಮೂತಿಯಲ್ಲಿ ತೂರಿಸಿದರು. ಫ್ಯಾನಿನ ರೆಕ್ಕೆಗಳು ಅಡ್ಡ ನಿಂತವು. ಬಾಲದ ಕಡೆಯಿಂದ ನೋಡಿದರೆ ಹೊಗೆ ಕೊಳವೆ ಅಡ್ಡ. ಪ್ಲಗ್ಗು ಮಾತ್ರ ಎಲ್ಲೋ ಆಳದಲ್ಲಿ, ಕೊನೆಯ ದವಡೆ ಹಲ್ಲಿನ ಹಾಗೆ, ಒಮ್ಮೆ ಮಿನುಗಿ ಮರೆಯಾಯಿತು.

"ಇನ್ನೂ ಸ್ವಲ್ಪ ಬಾಯಿ ಅಗಲ ಮಾಡು ಅನ್ನಿ ಅದಕ್ಕೆ," ಎಂದ ಗಡಿಯಾರದವನು.

"ನಿಂಗೆ ತಮಾಷೆ."

"ತಮಾಷೆ ಅಲ್ಲ ಡಾಕ್ಟ್ರೇ. ಹೊಟ್ಟೆ ಕೊಯ್ಯದೆ ಬೇರೆ ದಾರಿ ಇಲ್ಲ."

ಡಾಕ್ಟರು ಮಗುವಿಗೆ ಹೊದಿಸುವವರಂತೆ ಜೆಟ್ಟಿನ ಮೇಲೆ ಎರಡೂ ಕೈ ಇಟ್ಟರು. ಬಣ್ಣ ಹೆಂಡತಿಯದು. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಅವರ ಬಲಗೈ ಕಳೆದ ವರ್ಷದಿಂದ ನಡುಗಲು ಶುರುವಾಗಿತ್ತು. ಮಣಿಕಟ್ಟಿನ ಕೆಳಗೆ ದಿಂಬಿಟ್ಟುಕೊಂಡು, ಒಂದೊಂದು ಗೆರೆಗೂ ಉಸಿರು ಬಿಗಿಹಿಡಿದು, ಹದಿನೇಳು ದಿನ ಬಳಿದಿದ್ದರು. "ಇನ್ನು ಸಣ್ಣ ಬ್ರಷ್ ಮುಟ್ಟೋದಿಲ್ಲಪ್ಪ, ಇದೇ ಕೊನೇದು," ಎಂದಿದ್ದರು. ಅವರು ಅರಿಯದೆ ಒತ್ತಿಬಿಟ್ಟಾರೆಂದು ಡಾಕ್ಟರೇ ಹೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆದು, 'ಒಳಗೆ ಎಂಜಿನ್ ಇದೆ, ಮೆಲ್ಲಗೆ' ಎಂದು ಗುರುತು ಮಾಡಿಕೊಟ್ಟಿದ್ದರು. ಒಂದು ಮಧ್ಯಾಹ್ನ ಆ ಚೌಕವನ್ನೇ ನೋಡುತ್ತ ಹೆಂಡತಿ ಕೇಳಿದ್ದರು: "ರೀ, ಎಲ್ಲಾ ಮುಗೀತಾ? ಏನೂ ಬಿಟ್ಟುಹೋಗಿಲ್ಲ ತಾನೇ?" ಆಗ ಈ ಮಹಾಶಯರು ಹೇಳಿದ್ದೇನು? "ಎಂಜಿನ್ ವಿಷಯ ನಂಗೆ ಬಿಡು. ನೀನು ಬಣ್ಣ ನೋಡ್ಕೋ." ಅದು ಈಗ ನೆನಪಾಗಿ, ಬ್ಯಾಟರಿಯ ಹಂಗಿಲ್ಲದೆಯೇ ಡಾಕ್ಟರ ಕಿವಿ ಕೆಂಪಗೆ ಕಾದವು.

ಅಷ್ಟರಲ್ಲಿ ಹೆಂಡತಿಯೇ ಬಾಗಿಲಲ್ಲಿ ನಿಂತಿದ್ದರು. ಒಳ್ಳೆಯ ಶಾಲು ಹೊದ್ದಿದ್ದರು, ಮೈದಾನದ ಬಿಸಿಲಿಗೆಂದು ಕೊಡೆ ಹಿಡಿದಿದ್ದರು. "ಹತ್ತು ಗಂಟೆಗೆ ಹಾರಿಸ್ತೀನಿ ಅಂದ್ರಲ್ಲ, ಇನ್ನೂ ಇಲ್ಲೇ ಇದ್ದೀರಾ?"

"ನಂದೇ ತಪ್ಪು ಟೀಚರಮ್ಮ," ಎಂದು ಗಡಿಯಾರದವನು ಮುಂದೆ ಬಂದ. "ಬ್ಯಾಟರಿ ತರೋದು ಮರೆತುಬಿಟ್ಟೆ."

ಬ್ಯಾಟರಿ ಅವನ ಕೈಯಲ್ಲೇ ಇತ್ತು. ಹೆಂಡತಿ ಅದನ್ನು ನೋಡಿದರು, ಅವನ ಮುಖ ನೋಡಿದರು, "ಪಾಪ, ಆಗತ್ತೆ ಬಿಡಿ," ಎಂದರು.

ಡಾಕ್ಟರಿಗೆ ತಡೆಯಲಾಗಲಿಲ್ಲ. "ಅವನಲ್ಲ ಮರೆತದ್ದು, ನಾನು. ಪ್ಲಗ್ಗಿಗೆ ಬಾಗಿಲೇ ಇಟ್ಟಿಲ್ಲ. ಈಗ ಕೊಯ್ಯಬೇಕಂತೆ. ನಾನು ಕೊಯ್ಯೋದಿಲ್ಲ. ಹಾರದಿದ್ರೆ ಬೇಡ, ಕಪಾಟಿನ ಮೇಲೆ ಇಡೋಣ."

"ಕಪಾಟಿನ ಮೇಲಾ? ನಾನು ಹದಿನೇಳು ದಿನ ಕೂತಿದ್ದು ಧೂಳು ಒರೆಸೋಕಾ?" ಹೆಂಡತಿ ಕೊಡೆಯನ್ನು ಗೋಡೆಗೆ ಒರಗಿಸಿದರು. "ಅಲ್ಲಾರೀ, ಹೊಟ್ಟೆ ಕೆಳಗೆ ಕೆಂಪಕ್ಷರದಲ್ಲಿ ಬರೆದಿದ್ದೆನಲ್ಲ, ನೋಡಿದ್ರಾ?"

"ನೋಡದೆ ಏನು! ನಿಜವಾದ ವಿಮಾನಕ್ಕೂ ಹಾಗೇ ಸಣ್ಣದಾಗಿ ಬರೆದಿರ್ತಾರೆ ಅಂತ ಬಂದವರಿಗೆಲ್ಲ ಮಗುಚಿ ತೋರಿಸಿದ್ದೀನಿ."

"ತೋರಿಸಿದ್ರಿ. ಓದಿದ್ರಾ?"

ಗಡಿಯಾರದವನು ಜೇಬಿನಿಂದ ತನ್ನ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ತೆಗೆದು ಡಾಕ್ಟರ ಕೈಗಿಟ್ಟ.

ರೋಗಿಯನ್ನು ಕುರ್ಚಿಯಲ್ಲಿ ಒರಗಿಸಿದ ಹಾಗೆ ಜೆಟ್ಟನ್ನು ಅಂಗಾತ ಮಲಗಿಸಿ ಡಾಕ್ಟರು ಬಗ್ಗಿದರು. ತಾವೇ ಪೆನ್ಸಿಲಿನಲ್ಲಿ ಎಳೆದ ಚೌಕ. ಅದರ ಮೇಲೆ ನೇರಾನೇರ ಕೆಂಪು ಚುಕ್ಕಿಗಳ ಸಾಲು. ಗರಗಸದ ಗಾಯ ಕಾಣದಿರಲೆಂದು ಸುತ್ತಲೂ ಕಪ್ಪು ಅಂಚು. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ತಲೆಗಳ ಚಿತ್ರ. ಕೆಳಗೆ, ಒಂದಕ್ಷರವೂ ನಡುಗದೆ:

'ಬಾಗಿಲು ಮರೆತಿದ್ದರೆ ಇಲ್ಲಿ ಕತ್ತರಿಸಿ.'